ಆಕಾಶದ ಪಾಲುಪಟ್ಟಿ

ಭೂಮಿಯ ಮೇಲಿನ ಆಸೆಗೆ ಪಹಣಿ, ಪೋಡಿ, ಖಾತೆ ಎಂಬ ನೂರೆಂಟು ಅಡ್ಡಿಗಳಿವೆ. ಆಕಾಶಕ್ಕೆ ಅವೊಂದೂ ಇಲ್ಲ. ಛಾಪಾ ಕಾಗದ ಕೊಳ್ಳದೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು ಸವೆಸದೆ ತುಮಕೂರಿನ ಮೇಲಿನ ಆಕಾಶ ನನ್ನ ಸ್ವಾಧೀನಕ್ಕೆ ಬಂದಿದೆ. ಇದಕ್ಕೆ ಬೇಕಾದದ್ದು ಒಂದು ರಾಸ್ಪ್‌ಬೆರಿ ಪೈ, ಟಿವಿ ನೋಡಲೆಂದು ಹುಟ್ಟಿದ ಒಂದು ಯುಎಸ್‌ಬಿ ಡಾಂಗಲ್, ಮಹಡಿಯ ನೀರಿನ ಟ್ಯಾಂಕಿನ ಪಕ್ಕಕ್ಕೊಂದು ಆಂಟೆನಾ. ಮತ್ತು ಶನಿವಾರ ಬೆಂಗಳೂರಿನಿಂದ ಬಂದು ಭಾನುವಾರ ಹೋಗುವ ಮಗ.

ವಿಮಾನಗಳು ಬಾಯಿಬಡುಕ ಜಾತಿಯವು. ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿ ಎಷ್ಟು ವೇಗವಾಗಿ ಹೋಗುತ್ತಿದ್ದೇನೆ ಎಂಬುದನ್ನೆಲ್ಲ 1090 ಮೆಗಾಹರ್ಟ್ಸ್ ತರಂಗದ ಮೇಲೆ ಯಾವ ಗುಟ್ಟೂ ಇಲ್ಲದೆ ಸಾರುತ್ತ ಹೋಗುತ್ತವೆ. ಎಲ್ಲಿದ್ದೇನೆಂಬ ಮಾತನ್ನಂತೂ ಸೆಕೆಂಡಿಗೆ ಎರಡು ಸಲ. ಅಗ್ಗದ ಟಿವಿ ಡಾಂಗಲ್‌ಗೂ ಅದನ್ನು ಕೇಳುವ ಕಿವಿಯಿದೆ ಎಂಬುದನ್ನು ಹವ್ಯಾಸಿಗಳು ಕಂಡುಕೊಂಡದ್ದು 2012ರ ಸುಮಾರಿಗೆ. ಅದೇ ವರ್ಷ ಇಟಲಿಯ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ ಡಂಪ್1090 ಎಂಬ ತಂತ್ರಾಂಶ ಬರೆದು ಊರಿಗೆಲ್ಲ ಪುಕ್ಕಟೆ ಹಂಚಿದ. ರೆಡಿಸ್ ಎಂಬ ಪ್ರಸಿದ್ಧ ಡೇಟಾಬೇಸ್ ಕಟ್ಟಿದವನೂ ಅವನೇ. ಡಂಪ್1090ರ ವಂಶದ ತಂತ್ರಾಂಶಗಳು ಹಿಡಿದು ತಂದದ್ದನ್ನು ನಕ್ಷೆಯ ಮೇಲೆ ಚಂದವಾಗಿ ತೋರಿಸುವುದು ಟಾರ್1090. ಇದನ್ನೆಲ್ಲ ಮಗ ವಿವರಿಸಿದಾಗ ನನ್ನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೊಡ್ಡ ವಿಮಾನ ಕೇಳದೇನೇ ಎಲ್ಲಿದೀನಿ ಅಂತ ಹೇಳುತ್ತಲ್ಲೋ, ಬಸ್ಸು ಹತ್ತಿದ ಮೇಲೆ ನಿನಗೊಂದು ಫೋನು ಮಾಡೋಕೆ ಏನು ಕಷ್ಟ?"

ಮಗ ನಕ್ಷೆ ಕಾಣುವ ಹಾಗೆ ಮಾಡಿ ಊರಿಗೆ ಹೋದ. ಅದನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವ ಅಧಿಕಾರ ಕಾನ್ಫಿಗ್ ಡಾಟ್ ಜೆಎಸ್ ಎಂಬ ಕಡತದಲ್ಲಿದೆ. ಅದರೊಳಗೆ ಹತ್ತಾರು ಸಾಲು. ಮುಕ್ಕಾಲು ಪಾಲು ಸಾಲುಗಳ ಮುಂದೆ ಎರಡೆರಡು ಓರೆಗೆರೆ. ಗೆರೆಗಳಿರುವ ತನಕ ಸಾಲಿಗೆ ಮೌನವ್ರತ. ಅಳಿಸಿದರೆ ಅದು ಆಜ್ಞೆ. ಮೂವತ್ತು ವರ್ಷ ಹೈಸ್ಕೂಲು ಹುಡುಗರಿಗೆ ಗಣಿತ ಹೇಳಿದವನು ನಾನು. ಗೆರೆ ಅಳಿಸಿದ್ದಕ್ಕೇ ಮಾತು ಕೇಳುವ ವಿದ್ಯಾರ್ಥಿ ಸಿಕ್ಕಿದ್ದು ನಿವೃತ್ತಿಯಾದ ಮೇಲೆ.

ಮೊದಲು ಮನೆಯ ಅಕ್ಷಾಂಶ, ರೇಖಾಂಶ ಬರೆದೆ. ತೆರೆಯ ನಟ್ಟನಡುವೆ ನಮ್ಮ ಮನೆ ಬಂದು ಕೂತಿತು. ಪುಟದ ಹೆಸರನ್ನು 'ಶ್ರೀ ನರಸಿಂಹ ನಿಲಯ' ಎಂದು ಬದಲಿಸಿದೆ. ಆಮೇಲೆ ವೃತ್ತಗಳ ಸಾಲು. ಮನೆಯ ಸುತ್ತ 100, 150, 200 ನಾಟಿಕಲ್ ಮೈಲಿಗೊಂದೊಂದು ಉಂಗುರ. ಹೊರಗಿನ ಉಂಗುರದ ಒಳಗೆ ಮಂಗಳೂರು, ತಿರುಪತಿ, ಕೊಯಮತ್ತೂರು, ಚೆನ್ನೈ. ಇಷ್ಟು ವಿಶಾಲವಾದ ಚಕ್ಕುಬಂದಿ ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ.

ಇದರ ಮೇಲೆ ಮೊದಲು ಕಣ್ಣು ಬಿದ್ದದ್ದು ಪಕ್ಕದ ಮನೆಯ ರಾಯರದು. ಅವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. 33 ಅಡಿಗೆ 33 ಅಡಿ ಒಂದು ಗುಂಟೆ ಎಂಬುದರ ಹೊರಗಿನ ಲೋಕವನ್ನು ನಂಬುವವರಲ್ಲ.

"ಮೇಷ್ಟ್ರೇ, ನಾಟಿಕಲ್ ಮೈಲಿ ಅಂದ್ರೆ ಹಡಗಿನವರದ್ದು. ತುಮಕೂರಿಗೂ ಸಮುದ್ರಕ್ಕೂ ಏನ್ರೀ ಸಂಬಂಧ?"

ಅದು 1,852 ಮೀಟರ್, ಅಕ್ಷಾಂಶದ ಒಂದು ನಿಮಿಷದಷ್ಟು ದೂರ, ವಿಮಾನದವರೂ ಅದನ್ನೇ ಬಳಸುತ್ತಾರೆ ಎಂದು ನಾನು ಹೇಳುವಷ್ಟರಲ್ಲಿ ರಾಯರು ಹಾಲಿನ ಕಂಪ್ಯೂಟರಿನಲ್ಲಿ ಗೇರಿನ ಗುರುತು ಒತ್ತಿ ಅಳತೆಯನ್ನು ಮೆಟ್ರಿಕ್ ಮಾಡಿಬಿಟ್ಟರು. 35,000 ಅಡಿಯ ಮೇಲೆ ಹೋಗುತ್ತಿದ್ದ ವಿಮಾನ 10,668 ಮೀಟರಿಗೆ ಬಂತು. ಅದು ಹೋಗಲಿ. ವೃತ್ತಗಳಿಗೆ ಅಂಕಿ ಮಾತ್ರ ಗೊತ್ತು; ಮೈಲಿಯೋ ಕಿಲೋಮೀಟರೋ ಎಂಬುದನ್ನು ಅವು ಅಳತೆಯ ಆಯ್ಕೆಯಿಂದಲೇ ತಿಳಿಯಬೇಕು. 200 ನಾಟಿಕಲ್ ಮೈಲಿ, ಎಂದರೆ 370 ಕಿಲೋಮೀಟರ್ ಇದ್ದ ನನ್ನ ಸಾಮ್ರಾಜ್ಯ ಒಂದೇ ಕ್ಲಿಕ್ಕಿಗೆ 200 ಕಿಲೋಮೀಟರಿಗೆ ಇಳಿಯಿತು. ಮಂಗಳೂರು ಹೋಯಿತು, ಚೆನ್ನೈ ಹೋಯಿತು. ಇವಳು, ನನ್ನ ಹೆಂಡತಿ, ಅಡುಗೆಮನೆಯಿಂದ ಬಂದು ನೋಡಿದಳು.

"ರೀ, ಬೇರೆ ಊರು ಹೋದ್ರೆ ಹೋಗ್ಲಿ. ತಿರುಪತೀನ ಹೊರಗೆ ಹಾಕಿದ್ದೀರಲ್ಲ, ಅಡ್ಡಬಿದ್ದು ಒಳಗೆ ಸೇರಿಸಿ."

ತಿರುಪತಿ ನಮ್ಮಿಂದ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್. ಕಡತ ತೆರೆದು 260 ಎಂಬ ನಾಲ್ಕನೆಯ ಅಂಕಿ ಸೇರಿಸಿದೆ. ತಿಮ್ಮಪ್ಪ ಒಳಗೆ ಬಂದ. ಅವನ ಹೆಸರಿನಲ್ಲಿ ಮಂಗಳೂರೂ ಮರಳಿ ಸಿಕ್ಕಿತು. ನನ್ನ ಫೋನಿನಲ್ಲಿ ಇನ್ನೂ ನಾಟಿಕಲ್ ಲೆಕ್ಕವೇ ಇತ್ತು. ಅಲ್ಲಿ ಅದೇ 260 ಎಂದರೆ 482 ಕಿಲೋಮೀಟರ್. ಗೋವಾ, ಕೊಚ್ಚಿ ಎರಡೂ ನಮ್ಮವಾದವು. ಅಷ್ಟು ದೂರದ ವಿಮಾನದ ದನಿ ನಮ್ಮ ಆಂಟೆನಾಕ್ಕೆ ಮುಟ್ಟುವುದಿಲ್ಲ ಎಂದು ರಾಯರು ಆಕ್ಷೇಪಿಸಿದರು. ಹಕ್ಕು ಬೇರೆ, ಅನುಭೋಗ ಬೇರೆ ಎಂದು ಅವರ ಇಲಾಖೆಯ ಮಾತನ್ನೇ ಅವರಿಗೆ ತಿರುಗಿಸಿ ಕೊಟ್ಟೆ.

ಆಂಟೆನಾಕ್ಕೆ ನಿಜವಾಗಿ ಎಲ್ಲಿಯವರೆಗೆ ಕಾಣಬೇಕೆಂಬ ಗೆರೆಯನ್ನೂ ನಕ್ಷೆಗೆ ಸೇರಿಸಬಹುದು. ಹೇವಾಟ್ಸ್‌ದಟ್ ಎಂಬ ತಾಣ ಸುತ್ತಲಿನ ಬೆಟ್ಟಗುಡ್ಡ, ಭೂಮಿಯ ಬಾಗು ಎಲ್ಲ ಲೆಕ್ಕ ಹಾಕಿ ಅದನ್ನು ಕೊಡುತ್ತದೆ. ಬಯಲಿನ ಕಡೆಗೆ 400 ಕಿಲೋಮೀಟರ್ ದಾಟಿ ಹೋಗುವ ಗೆರೆ, ದೇವರಾಯನದುರ್ಗದ ದಿಕ್ಕಿನಲ್ಲಿ ಮಾತ್ರ ಒಳಕ್ಕೆ ಸರಿದುಕೊಂಡಿದೆ. ಸುಮಾರು 1,200 ಮೀಟರ್ ಎತ್ತರದ ಬೆಟ್ಟ ಅಡ್ಡ ಬಂದರೆ ತರಂಗ ಏನು ಮಾಡೀತು? ಆಂಟೆನಾ ಎತ್ತರಿಸೋಣವೆಂದರೆ ಅಮ್ಮ ಬಿಡಲಿಲ್ಲ. "ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ ಕೂತಿರೋ ಬೆಟ್ಟ ಅದು. ಸ್ವಾಮಿ ತಲೆ ಮೇಲಿಂದ ಇಣುಕಿ ನೋಡೋದು ಬೇಡ." ಮನೆದೇವರು ಅಡ್ಡ ಬಂದದ್ದಕ್ಕೆ ತಂತ್ರಾಂಶದಲ್ಲಿ ಪರಿಹಾರವಿಲ್ಲ.

ಅಮ್ಮನಿಗೆ ಇಷ್ಟವಾದದ್ದು ಬಣ್ಣ. ತಗ್ಗಿನಲ್ಲಿ ಹಾರುವ ವಿಮಾನ ಕಿತ್ತಳೆ; ಮೇಲೇರಿದಂತೆ ಹಳದಿ, ಹಸಿರು, ನೀಲಿ; ತೀರ ಎತ್ತರದ್ದು ನೇರಳೆ. ಬೆಂಗಳೂರಿಗೆ ಇಳಿಯುವವು ನಮ್ಮ ಕಣ್ಣೆದುರೇ ಬಣ್ಣ ಬದಲಿಸುತ್ತವೆ. ಮುಂಬೈಯಿಂದ ಮಗಳು ಬರುವ ದಿನ ಮನೆಮಂದಿಯೆಲ್ಲ ತೆರೆಯ ಮುಂದೆ. ಟಿಕೆಟಿನಲ್ಲಿ ಇದ್ದದ್ದು 6ಇ. ನಕ್ಷೆಯಲ್ಲಿ ಇಂಡಿಗೋ ವಿಮಾನಗಳಿಗೆ ಐಜಿಒ ಎಂಬ ಹೆಸರು. "ನಮ್ಮ ಹುಡುಗಿ ಹತ್ತಿದ್ದು 6ಇ, ಇದ್ಯಾರೋ ಐಜಿಒ ಬರ್ತಿದಾರೆ" ಎಂದು ಇವಳ ಗಾಬರಿ. ಅದನ್ನು ಸಮಾಧಾನ ಮಾಡುವಷ್ಟರಲ್ಲಿ ಹಸಿರಾಗಿದ್ದ ವಿಮಾನ ದೇವನಹಳ್ಳಿ ಸಮೀಪಿಸುತ್ತ ನಕ್ಷೆಯಿಂದಲೇ ಮಾಯವಾಯಿತು. ಅಮ್ಮ "ಅಯ್ಯೋ!" ಎಂದಳು. ತರಂಗ ನೇರ ಹೋಗುತ್ತದೆ, ಭೂಮಿ ಬಾಗಿದೆ, 65 ಕಿಲೋಮೀಟರ್ ಆಚೆಯ ವಿಮಾನ ನೆಲಕ್ಕೆ ಹತ್ತಿರವಾದರೆ ನಮಗೆ ಮರೆಯಾಗಲೇಬೇಕು ಎಂದು ನಾನು ಪಾಠ ಶುರುಮಾಡಿದೆ.

"ಭೂಮಿ ಎಲ್ಲಿಗೂ ಹೋಗಲ್ಲ, ಆಮೇಲೆ ಹೇಳುವೆಯಂತೆ. ಮೊದಲು ಮಗೂಗೆ ಫೋನ್ ಹಚ್ಚೋ."

ಭಾವಮೈದನದು ಇನ್ನೊಂದು ಬಗೆ. "ಭಾವ, ಯಲಹಂಕದ ಫೈಟರ್ ತೋರಿಸಿ" ಎಂದ. ಯು ಎಂಬ ಗುಂಡಿ ಒತ್ತಿದರೆ ಮಿಲಿಟರಿ ವಿಮಾನ ಮಾತ್ರ ಉಳಿಯುತ್ತವೆ. ಒತ್ತಿದೆ, ಒಂದೂ ಉಳಿಯಲಿಲ್ಲ. ಯುದ್ಧವಿಮಾನಕ್ಕೆ ತನ್ನ ವಿಳಾಸ ಸಾರುವ ಹರಕೆಯೇನೂ ಇಲ್ಲ. ಅವನು ಖಾಲಿ ನಕ್ಷೆಯನ್ನು ಕಾಫಿ ಆರುವವರೆಗೆ ನೋಡಿ, "ಎಷ್ಟು ಚೆನ್ನಾಗಿ ಬಚ್ಚಿಟ್ಕೊಂಡಿವೆ ನೋಡಿ ಭಾವ" ಎಂದು ಎದೆಯುಬ್ಬಿಸಿದ.

ಹೀಗೆ ಒಬ್ಬರು ಅಡಿ ಮಾಡಿದ್ದನ್ನು ಇನ್ನೊಬ್ಬರು ಮೀಟರ್ ಮಾಡಿ, ಒಬ್ಬರು ತೆಗೆದ ಹೆಸರುಚೀಟಿಯನ್ನು ಇನ್ನೊಬ್ಬರು ಹಚ್ಚಿ, ಹಾಲಿನಲ್ಲಿ ದಿನಾ ವ್ಯಾಜ್ಯ. ಮಗನಿಗೆ ದೂರು ಹೋಯಿತು. ಅವನು ನಕ್ಕು, "ಅಪ್ಪ, ಅವರವರು ಒತ್ತಿದ್ದು ಉಳಿಯೋದು ಅವರವರ ಬ್ರೌಸರಿನಲ್ಲಿ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ನೋಡಲಿ" ಎಂದ. ಅಲ್ಲಿಗೆ ಪಾಲಾಯಿತು. ವಕೀಲರಿಲ್ಲ, ಪಂಚಾಯಿತರಿಲ್ಲ. ಅಮ್ಮನಿಗೆ ತೆಂಗಿನ ತೋಟವೆಲ್ಲ ಕಾಣುವ ಉಪಗ್ರಹ ಚಿತ್ರದ ನಕ್ಷೆ, ಇವಳಿಗೆ ಎಲ್ಲ ವಿಮಾನಗಳ ಹೆಸರು, ರಾಯರಿಗೆ ಕಿಲೋಮೀಟರು, ಭಾವಮೈದನಿಗೆ ಯಾವ ವಿಮಾನವೂ ಇಲ್ಲದ ಶುದ್ಧ ಆಕಾಶ.

ಕಾನ್ಫಿಗ್ ಡಾಟ್ ಜೆಎಸ್‌ಗೆ ಇಂದಿಗೂ ಯಜಮಾನ ನಾನೇ. ಆದರೆ ಅಳತೆ, ನಕ್ಷೆ, ಹೆಸರುಚೀಟಿಗಳ ವಿಷಯದಲ್ಲಿ ಅಲ್ಲಿ ಬರೆದದ್ದು ನಡೆಯುವುದು ಪುಟವನ್ನು ಮೊದಲ ಸಲ ತೆರೆಯುವವರ ಫೋನಿನಲ್ಲಿ ಮಾತ್ರ. ಹಾಗಾಗಿ ನೆಂಟರು ಬಂದರೆ ನಾನು ಮೊದಲು ಕೊಡುವುದು ವೈಫೈ ಪಾಸ್‌ವರ್ಡು, ಕಾಫಿ ಆಮೇಲೆ. ಅವರ ಬೆರಳು ಗೇರಿನ ಗುರುತಿಗೆ ತಾಗುವ ತನಕವಾದರೂ ಈ ಮನೆಯಲ್ಲಿ ನನ್ನ ಮಾತು ನಡೆಯುತ್ತದೆ.