ಬಲ್ಬಪ್ಪನ ಇಗ್ವಾನ

ಬಳ್ಳಾರಿ ಸೀಮೆಗೆ ಎರಡೇ ಕಾಲ: ಬೇಸಿಗೆ, ಕಡುಬೇಸಿಗೆ. ಏಪ್ರಿಲ್ ಬಂತೆಂದರೆ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಎಮ್ಮಿಗನೂರಿನಲ್ಲಿ ಎಮ್ಮೆಯೂ ಬೇವಿನ ನೆರಳು ಹುಡುಕುತ್ತದೆ. ಇಂಥ ಸೀಮೆಯಲ್ಲಿ ದುಡ್ಡು ಕೊಟ್ಟು ಬಿಸಿಲು ಕೊಳ್ಳುವ ಮಹಾನುಭಾವನನ್ನು ಬಲ್ಬಪ್ಪ ಎನ್ನೋಣ. ಬೆಂಗಳೂರಿನಿಂದ ಇಗ್ವಾನವೆಂಬ ಓತಿ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ನೆತ್ತಿಯ ಮೇಲೆ 100 ವ್ಯಾಟಿನ ಬಲ್ಬು ತೂಗುಬಿಡುತ್ತಾನೆ. ಬಂದವರಿಗೆ ಅದರ ಜಾತಕವನ್ನೆಲ್ಲ ಒಪ್ಪಿಸುತ್ತಾನೆ. ಒಳಗೆ ಎಷ್ಟು ಡಿಗ್ರಿ ಎಂದು ಕೇಳಿದರೆ ಮಾತ್ರ ಗಾಜಿಗೆ ಅಂಗೈ ಒತ್ತಿ, 'ಹದ ಐತಿ ನೋಡ್ರಿ' ಎನ್ನುತ್ತಾನೆ. ರೊಟ್ಟಿಯ ಹಂಚಿನ ಕಾವು ಅಂಗೈಗೆ ತಿಳಿದೀತು. ಬಲ್ಬಿನ ಕೆಳಗೆ ಗೇಣು ದೂರದ ಕಾವು ಥರ್ಮಾಮೀಟರಿಗೇ ತಿಳಿಯಬೇಕು.

ಸರೀಸೃಪಕ್ಕೆ ಮೈಯೊಳಗೆ ಒಲೆಯಿಲ್ಲ, ಹೊರಗಿನ ಕಾವೇ ಗತಿ ಎಂಬ ಅವನ ವಾದ ಸರಿಯೇ. ಆದರೆ ಅರ್ಧ ಸತ್ಯ. ಉಳಿದರ್ಧವನ್ನು ಹಂಪಿಯ ಬಂಡೆಗಳ ಮೇಲಿನ ಓತಿಕ್ಯಾತ ದಿನಾ ತೋರಿಸುತ್ತದೆ. ಬೆಳಿಗ್ಗೆ ಕಲ್ಲಿಗೆ ಹೊಟ್ಟೆ ಅಂಟಿಸಿ ಬಿಸಿಲು ಕಾಯಿಸುತ್ತದೆ. ಕಲ್ಲು ಕಾದಂತೆ ಕಾಲೂರಿ ಮೈಯೆತ್ತುತ್ತದೆ. ಆಮೇಲೆ ಬಿರುಕಿನೊಳಗೆ ಸರಿಯುತ್ತದೆ. ಕಾವಿನಷ್ಟೇ ಅದಕ್ಕೆ ನೆರಳೂ ಬೇಕು. ಇಗ್ವಾನಕ್ಕೂ ಅಷ್ಟೆ: ಬಿಸಿ ಮೂಲೆ 35ರ ಆಸುಪಾಸು, ತಂಪು ಮೂಲೆ 26–27. ಮೇ ತಿಂಗಳಲ್ಲಿ ನಮ್ಮ ಕೋಣೆಯೇ 35 ದಾಟಿರುವಾಗ ಬಲ್ಬು ಹೊತ್ತಿಸಿದರೆ ಅದು ಮನೆಯಲ್ಲ, ಗಾಜಿನ ಭಟ್ಟಿ. ಪೆಟ್ಟಿಗೆಗೆ ಬಿರುಕೂ ಇಲ್ಲ, ಬೇವೂ ಇಲ್ಲ.

'ಡಿಸೆಂಬರ್ ರಾತ್ರಿ ಏನು ಮಾಡಲಿ?' ಎಂಬ ಅವನ ಪ್ರಶ್ನೆ ನ್ಯಾಯವಾದದ್ದು. ಆಗ ಬೆಳಕು ಸೂಸದ ಸೆರಾಮಿಕ್ ಹೀಟರ್ ಒಳ್ಳೆಯದು. ಆದರೆ ಅದಕ್ಕೆ ಪಿಂಗಾಣಿಯ ಹೋಲ್ಡರ್, ಸುತ್ತ ತಂತಿಯ ಬಲೆ, ಕಾವು ಮೀರಿದರೆ ತಾನೇ ಆರಿಸುವ ಥರ್ಮೋಸ್ಟಾಟ್ ಬೇಕು. ಪ್ಲಾಸ್ಟಿಕ್ ಹೋಲ್ಡರ್ ಕರಗಿ ಪರದೆಗೆ ಬೆಂಕಿ ಹತ್ತಿದರೆ ಇಗ್ವಾನದ ಜತೆ ಮನೆಯೂ ಹೋಗುತ್ತದೆ. 'ಎಲ್‌ಇಡಿ ಝಗಮಗ ಉರೀತದಲ್ಲ' ಎಂಬುದು ಬೆಳಕಿನ ಬಗ್ಗೆ ಅವನ ಮುಂದಿನ ವಾದ. ಆ ಝಗಮಗದಲ್ಲಿ ಬಿಸಿಲಿನಲ್ಲಿರುವ ಯುವಿಬಿ ಕಿರಣವಿಲ್ಲ. ಕಿಟಕಿಯ ಗಾಜೂ ಅದನ್ನು ತಡೆಯುತ್ತದೆ. ಯುವಿಬಿ ಇಲ್ಲದೆ ಡಿ3 ಜೀವಸತ್ವವಿಲ್ಲ, ಡಿ3 ಇಲ್ಲದೆ ಸುಣ್ಣ ಮೈಗೆ ಹತ್ತದು; ಎಲುಬು ಮೆತ್ತಗಾಗಿ ದವಡೆ ಊದುತ್ತದೆ. ಯುವಿಬಿ ಟ್ಯೂಬು ತಂದರೂ ವರ್ಷ ಕಳೆಯುವಷ್ಟರಲ್ಲಿ ಅದರ ಕಿರಣ ಕುಂದುತ್ತದೆ, ಕಣ್ಣಿಗೆ ಬೆಳಕು ಮಾತ್ರ ಹಾಗೇ ಕಾಣುತ್ತದೆ.

'ಅಂಗಡಿಯವನೇ ಹೇಳಿದ್ದು' ಎಂಬುದು ಕೊನೆಯ ಅಸ್ತ್ರ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಬಲ್ಬಪ್ಪನಿಗೆ ಬಲ್ಬು ಮಾರಿದವನೇ ಸಾಕ್ಷಿ. 2024ರ ನಿಯಮದಂತೆ ಇಗ್ವಾನವನ್ನು ಕೇಂದ್ರ ಸರ್ಕಾರದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು ಆ ಸಾಕ್ಷಿ ಹೇಳಿರುವುದು ಅನುಮಾನ. ಬಲ್ಬಪ್ಪನ ಪ್ರೀತಿಯಲ್ಲಿ ಕೊರತೆಯಿಲ್ಲ, ಅಳತೆಯಲ್ಲಿದೆ. ಆದ್ದರಿಂದ ಸ್ವಾಮೀ, ಮುಂದಿನ ಬಲ್ಬು ಕೊಳ್ಳುವ ಮೊದಲು ಎರಡು ಥರ್ಮಾಮೀಟರು ಕೊಳ್ಳಿ: ಬಿಸಿ ಮೂಲೆಗೆ ಒಂದು, ತಂಪು ಮೂಲೆಗೆ ಒಂದು.