ಡ್ಯಾಶ್‌ಬೋರ್ಡಿನ ಅಡಿಯ ಶಾನುಭೋಗ

ಬಾಡಿ ಕಂಟ್ರೋಲ್ ಮಾಡ್ಯೂಲ್ ಎನ್ನುವುದು ಕಾರನ್ನು ಓಡಿಸುವ ಹೊಣೆ ಹೊರದೆ, ಉಳಿದೆಲ್ಲ ವ್ಯವಹಾರಕ್ಕೂ ತಲೆ ಹಾಕುವ ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಗ್ಯಾರೇಜಿನವರ ಬಾಯಲ್ಲಿ ಅದು ಬಿ.ಸಿ.ಎಂ. ಬಹುತೇಕ ಕಾರುಗಳಲ್ಲಿ ಅದರ ವಾಸ ಡ್ಯಾಶ್‌ಬೋರ್ಡಿನ ಅಡಿ, ಫ್ಯೂಸುಗಳ ಆಸುಪಾಸು. ಹೆಡ್‌ಲೈಟು, ವೈಪರು, ಹಾರನ್ನು, ಕಿಟಕಿ ಗಾಜು, ಬಾಗಿಲಿನ ಲಾಕು, ಇಂಡಿಕೇಟರು, ಒಳಗಿನ ದೀಪ ಇವೆಲ್ಲ ಅದರ ಅಪ್ಪಣೆಯಿಲ್ಲದೆ ಅಲುಗಾಡುವುದಿಲ್ಲ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ಸರ್ಕಾರ 1961ರ ಕಾಯ್ದೆಯಿಂದ ರದ್ದು ಮಾಡಿತು. ಆ ಶಾನುಭೋಗಿಕೆ ಈಗ ಕಾರಿನೊಳಗೆ ಮತ್ತೆ ಬಂದು ಕೂತಿದೆ ಎಂದರೆ ತಪ್ಪಾಗಲಾರದು. ದುಡಿಯುವವರು ಬೇರೆ, ಕೊಡುವವರು ಬೇರೆ. ಆದರೂ ಶಾನುಭೋಗನ ರುಜು ಬೀಳದೆ ಯಾವ ಕಾಗದವೂ ಮುಂದೆ ಹೋಗದು.

ಅಂಬಾಸಿಡರ್ ಕಾರಿನ ಕಾಲದಲ್ಲಿ ಈ ಹುದ್ದೆಯೇ ಇರಲಿಲ್ಲ. ಸ್ವಿಚ್ಚಿನಿಂದ ಹೊರಟ ತಂತಿ ನೇರವಾಗಿ, ಬಹಳವಾದರೆ ಒಂದು ರಿಲೇ ಹಾದು, ದೀಪಕ್ಕೆ ಹೋಗುತ್ತಿತ್ತು. ದೀಪ ಉರಿಯದಿದ್ದರೆ ಬಲ್ಬು, ಫ್ಯೂಸು, ಸ್ವಿಚ್ಚು, ತಂತಿ ಇವುಗಳಲ್ಲಿ ಒಂದು ಕೆಟ್ಟಿದೆ ಎಂದರ್ಥ. ಒಂದು ಟೆಸ್ಟ್ ಲ್ಯಾಂಪ್ ಹಿಡಿದವನು ಅಜ್ಜಂಪುರ ಸೀಮೆಯ ಶಿವನಿ ರೈಲ್ವೆ ಸ್ಟೇಷನ್ನಿಗೆ ಮುಂದಿನ ಗಾಡಿ ಬರುವುದರೊಳಗೆ ಕಳ್ಳನನ್ನು ಹಿಡಿದುಬಿಡುತ್ತಿದ್ದ. ಕಾರಿಗೆ ಸೌಕರ್ಯಗಳು ಹೆಚ್ಚಿದ ಹಾಗೆ ತಂತಿಗಳೂ ಹೆಚ್ಚಿದವು. ಪ್ರತಿ ಬಾಗಿಲಿಗೂ ತೊಡೆ ದಪ್ಪದ ತಂತಿ ಕಂತೆ ಹೋಗುವ ಪರಿಸ್ಥಿತಿ ಬಂದಾಗ ಜರ್ಮನಿಯ ಬಾಷ್ ಕಂಪನಿಯವರು 1983ರಲ್ಲಿ ಕೆಲಸ ಶುರುಮಾಡಿ, 1986ರಲ್ಲಿ ಕ್ಯಾನ್ ಎಂಬ ವ್ಯವಸ್ಥೆಯನ್ನು ಲೋಕದ ಮುಂದಿಟ್ಟರು. ಒಂದಕ್ಕೊಂದು ಹೆಣೆದ ಎರಡೇ ತಂತಿಗಳ ಮೇಲೆ ಕಾರಿನ ಎಲ್ಲ ಪೆಟ್ಟಿಗೆಗಳೂ ಸರದಿಯಲ್ಲಿ ಮಾತಾಡಿಕೊಳ್ಳುವ ಏರ್ಪಾಡು ಅದು. ತಂತಿ ಕಡಿಮೆಯಾಯಿತು, ಮಾತು ಜಾಸ್ತಿಯಾಯಿತು.

ಈಗ ಇಂಡಿಕೇಟರ್ ಕಡ್ಡಿಯನ್ನು ಎಡಕ್ಕೆ ಒತ್ತಿದರೆ ಕರೆಂಟೇನೂ ಬಲ್ಬಿಗೆ ಹೋಗುವುದಿಲ್ಲ. ಒಂದು ಅರ್ಜಿ ಮಾತ್ರ ಬಿ.ಸಿ.ಎಂ.ಗೆ ಹೋಗುತ್ತದೆ. ಅದು ಪರಿಶೀಲಿಸಿ, ದೀಪವನ್ನು ಮಿನುಗಿಸಿ, ಮೀಟರಿಗೂ ವರದಿ ಕಳಿಸುತ್ತದೆ. ಹಳೆಯ ಕಾರಿನಲ್ಲಿ ಟಿಕ್ ಟಿಕ್ ಎನ್ನುತ್ತಿದ್ದದ್ದು ಫ್ಲ್ಯಾಶರ್ ಡಬ್ಬಿಯೊಳಗಿನ ಲೋಹದ ಪಟ್ಟಿ, ಬಿಸಿಯಾಗಿ ಬಾಗಿ, ತಣ್ಣಗಾಗಿ ನೆಟ್ಟಗಾಗುವ ಸದ್ದು. ಹೊಸ ಕಾರುಗಳಲ್ಲಿ ಟಿಕ್ ಟಿಕ್ ಅನ್ನಲು ಏನೂ ಇಲ್ಲ. ಆದರೂ ಜನಕ್ಕೆ ಸಮಾಧಾನವಾಗಲೆಂದು ಮೀಟರಿನೊಳಗಿನ ಪುಟ್ಟ ಸ್ಪೀಕರು ಆ ಸದ್ದನ್ನು ಅನುಕರಿಸುತ್ತದೆ. ಒಂದು ಬಲ್ಬು ಸುಟ್ಟರೆ ಮಿಕ್ಕದ್ದು ಅವಸರದಲ್ಲಿ ಮಿನುಗುವುದೂ ಹಾಗೆಯೇ: ಹಿಂದೆ ಅದು ಫ್ಲ್ಯಾಶರಿನ ಹುಟ್ಟುಗುಣ, ಈಗ ಬೇಕೆಂದೇ ಆಡಿಸುವ ನಾಟಕ. ಸಾಮಾನ್ಯ ಬಲ್ಬಿನ ಜಾಗದಲ್ಲಿ ಎಲ್‌ಇಡಿ ಹಾಕಿಸಿದವರ ಇಂಡಿಕೇಟರು ಹುಚ್ಚು ಹಿಡಿದಂತೆ ಮಿನುಗಲು ಕಾರಣವೂ ಇದೇ. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ. ಬರಬೇಕಾದಷ್ಟು ಕಂದಾಯ ಬಂದಿಲ್ಲ, ಆದ್ದರಿಂದ ರೈತ ಊರು ಬಿಟ್ಟಿದ್ದಾನೆ ಎಂದು ಶಾನುಭೋಗರು ಬರೆದುಕೊಳ್ಳುತ್ತಾರೆ.

ಈ ಪೆಟ್ಟಿಗೆ ಕೆಟ್ಟಾಗ ಕಾರು ನಿಂತುಹೋಗುವುದೇ ಅಪರೂಪ. ಅದರ ಬದಲು ನಡತೆ ಕೆಡುತ್ತದೆ. ಮಳೆಯ ಸುಳಿವೇ ಇಲ್ಲದ ಮಾರ್ಚ್ ಬಿಸಿಲಿನಲ್ಲಿ ವೈಪರ್ ಆಡುತ್ತದೆ. ನಡುರಾತ್ರಿ ಹಾರನ್ ಹೊಡೆದುಕೊಳ್ಳುತ್ತದೆ. ಬೀಗ ಹಾಕಿದ ಬಾಗಿಲು ತಾನಾಗಿ ತೆರೆದುಕೊಂಡು, ಕೀ ಒಳಗಿದ್ದಾಗ ಮಾತ್ರ ನಿಷ್ಠೆಯಿಂದ ಮುಚ್ಚಿಕೊಳ್ಳುತ್ತದೆ. ಶಿವನಿಯ ಕಡೆ ಇಂಥ ಲಕ್ಷಣಗಳಿಗೆ ಮೊದಲ ರೋಗನಿರ್ಣಯ ಮನೆಯ ಹಿರಿಯರಿಂದಲೇ ಆಗುತ್ತದೆ: ಗಾಡಿಗೆ ಗಾಳಿ ಸೋಕಿದೆ. ಚಿಕಿತ್ಸೆ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಎರಡನೆಯ ನಿರ್ಣಯ ಗ್ಯಾರೇಜಿನದು: “ಗೌಡ್ರೇ, ಬಿ.ಸಿ.ಎಂ. ಹೋಗಿದೆ, ಬದಲಾಯಿಸ್ಬೇಕು.” ಎರಡರಲ್ಲೂ ಸಮಾನವಾದದ್ದೆಂದರೆ ಯಾರೂ ಮಲ್ಟಿಮೀಟರ್ ಹಿಡಿದು ನೋಡಿರುವುದಿಲ್ಲ. ವ್ಯತ್ಯಾಸವೆಂದರೆ ನಿಂಬೆಹಣ್ಣಿನ ಖರ್ಚು ಕಡಿಮೆ.

ನಿಜ ಹೇಳಬೇಕೆಂದರೆ ಈ ಪೆಟ್ಟಿಗೆ ಬಹುಪಾಲು ಸಂದರ್ಭಗಳಲ್ಲಿ ನಿರಪರಾಧಿ. ಮೊದಲ ಆರೋಪಿ ಬಾಡಿ ಅರ್ತ್. ಬ್ಯಾಟರಿಯ ನೆಗೆಟಿವ್ ತಂತಿಯೋ ದೀಪಗಳ ಅರ್ತ್ ತಂತಿಯೋ ಕಾರಿನ ಮೈಗೆ ಸೇರುವ ಬೋಲ್ಟು ತುಕ್ಕು ಹಿಡಿದು ಸಡಿಲವಾದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರು ಮಂಕಾಗಿ ಹತ್ತಿಕೊಳ್ಳುವುದು ಇದರ ಹಳೆಯ ಗುರುತು. ಎರಡನೆಯದು ನೀರು. ಮುಂದಿನ ಗಾಜಿನ ಬುಡದಲ್ಲಿ ಮಳೆ ನೀರು ಹರಿದುಹೋಗಲು ಕಿಂಡಿಗಳಿರುತ್ತವೆ. ಬೇವಿನ ಮರದಡಿ, ಹೊಂಗೆ ಮರದಡಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅವು ತರಗೆಲೆಯಿಂದ ಕಟ್ಟಿಕೊಂಡು, ಮೊದಲ ಮುಂಗಾರಿಗೆ ನೀರು ಒಳಗಿಳಿದು, ತಂತಿಯ ಗುಂಟವೇ ಸಾಗಿ ನೇರ ಬಿ.ಸಿ.ಎಂ.ನ ಕಪ್ಲರಿಗೆ ಬರುತ್ತದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ.

ಮೂರನೆಯದು ಇಲಿ. ಅಜ್ಜಂಪುರ, ಶಿವನಿ ಸೀಮೆಯಲ್ಲಿ ಈರುಳ್ಳಿಯೂ ಉಂಟು, ಅಡಿಕೆ ತೆಂಗೂ ಉಂಟು. ಇವನ್ನು ಕೂಡಿಟ್ಟ ಕೊಟ್ಟಿಗೆಯ ಪಕ್ಕದಲ್ಲೇ ಕಾರಿನ ಠಿಕಾಣಿ. ಊಟಕ್ಕೆ ಕೊಟ್ಟಿಗೆ, ನಿದ್ದೆಗೆ ಬಾನೆಟ್ಟಿನ ಬೆಚ್ಚಗಿನ ಎಂಜಿನ್ನು, ಹಲ್ಲು ಮಸೆಯಲು ತಂತಿ. ಇಲಿಯ ಮಟ್ಟಿಗೆ ಇದಕ್ಕಿಂತ ಅನುಕೂಲದ ವಸತಿ ಇಲ್ಲ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಂತೆ ಕಟ್ಟುವ ಉಪಾಯ ಎಲ್ಲೆಡೆ ಚಾಲ್ತಿಯಲ್ಲಿದೆ. ಇಲಿಗಳಿಗೆ ಅದು ಅಭ್ಯಾಸವಾಗುವವರೆಗೆ ಉಪಯೋಗವೂ ಇದೆ.

ನಾಲ್ಕನೆಯ ಆರೋಪಿ ಮಾಲೀಕನೇ. ಕಂಪನಿ ಕೊಟ್ಟ ಹಾರನ್ನು ಸಾಲದೆ ಬಸ್ಸಿನ ಹಾರನ್ನು, ಕಂಪನಿ ಕೊಟ್ಟ ದೀಪ ಸಾಲದೆ ಎದುರಿನವರ ಕಣ್ಣು ಕುಕ್ಕುವ ದೀಪ ಕಟ್ಟಿಸುವಾಗ, ತಂತಿಯ ಸಿಪ್ಪೆ ಸುಲಿದು ಇನ್ನೊಂದನ್ನು ಸುತ್ತಿ ಕರಿ ಟೇಪ್ ಹಾಕುತ್ತಾರೆ. ಆ ಟೇಪಿನ ಆಯಸ್ಸು ಎರಡು ಬೇಸಗೆ. ಇನ್ನು ಬ್ಯಾಟರಿ ಇಳಿದ ಕಾರಿಗೆ ಈರುಳ್ಳಿ ತುಂಬಲು ಬಂದ ಲಾರಿಯಿಂದ ಕರೆಂಟು ಎಳೆಯುವ ಪರೋಪಕಾರವೊಂದಿದೆ. ಟ್ರ್ಯಾಕ್ಟರಿನದು ಸಾಮಾನ್ಯವಾಗಿ 12 ವೋಲ್ಟ್, ಕಾರಿನದೂ 12; ದೊಡ್ಡ ಲಾರಿಯದು 24. ಆ ಒಂದು ಗಳಿಗೆಯಲ್ಲಿ ಬಿ.ಸಿ.ಎಂ. ನಿಜವಾಗಿಯೂ ಸಾಯಬಹುದು. ಅಂತರಘಟ್ಟೆ ದುರ್ಗಮ್ಮನ ಜಾತ್ರೆಗೆ ಹೋಗುವ ಎತ್ತಿನ ಗಾಡಿಗಳಿಗೆ ಈ ಅಪಾಯವಿಲ್ಲ.

ಹಾಗಾಗಿ ತನಿಖೆಗೆ ಒಂದು ಕ್ರಮವಿದೆ. ಮೊದಲು ಬ್ಯಾಟರಿ: ಪೂರ್ತಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಆಮೇಲೆ ಫ್ಯೂಸುಗಳು, ಅರ್ತ್ ಬೋಲ್ಟುಗಳು. ಆಮೇಲೆ ಸ್ಟಿಯರಿಂಗಿನ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್. ಸ್ಕ್ಯಾನರ್ ಕೊಡುವ ಸಂಕೇತಗಳಲ್ಲಿ ‘ಪಿ’ಯಿಂದ ಶುರುವಾಗುವುದು ಎಂಜಿನ್, ಗೇರುಗಳ ದೂರು, ‘ಬಿ’ ಬಾಡಿಯ ದೂರು, ‘ಸಿ’ ಬ್ರೇಕು, ಸ್ಟಿಯರಿಂಗಿನಂಥವುಗಳದು, ‘ಯು’ ಪರಸ್ಪರ ಮಾತುಕತೆ ನಿಂತ ದೂರು. ಯು 0140 ಎಂದು ಬಂದರೆ ಬಿ.ಸಿ.ಎಂ.ನಿಂದ ಮಾತು ಬರುತ್ತಿಲ್ಲ ಎಂದು ಉಳಿದವರು ಚಾಡಿ ಹೇಳುತ್ತಿದ್ದಾರೆ ಎಂದರ್ಥ. ಅವನು ಸತ್ತಿದ್ದಾನೆ ಎಂದಲ್ಲ. ಅವನಿಗೆ ಹೋಗುವ ಕರೆಂಟೋ ಅರ್ತೋ ಮಾತಿನ ತಂತಿಯೋ ತುಂಡಾಗಿರಬಹುದು. ಕ್ಯಾನ್ ತಂತಿಗಳ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ, ಬ್ಯಾಟರಿ ಕಳಚಿ ಸ್ಕ್ಯಾನರ್ ಕಿಂಡಿಯ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಬಹಳಷ್ಟು ಕಾರುಗಳಲ್ಲಿ 60 ಓಮ್ ಬರುತ್ತದೆ. 120 ಬಂದರೆ ದಾರಿಯಲ್ಲೆಲ್ಲೋ ಇಲಿ ಸಹಿ ಹಾಕಿದೆ.

ಕೆಲವು ದಿನ ನಿಲ್ಲಿಸಿದ ಕಾರಿನ ಬ್ಯಾಟರಿ ಸತ್ತಿರುವುದು ಇನ್ನೊಂದು ಬಗೆ. ಕೀ ತೆಗೆದ ಸ್ವಲ್ಪ ಹೊತ್ತಿಗೆ ಬಿ.ಸಿ.ಎಂ. ನಿದ್ದೆ ಹೋಗಬೇಕು; ಆಗ ಇಡೀ ಕಾರು ಎಳೆಯುವ ಕರೆಂಟು ಸುಮಾರು 50 ಮಿಲಿಆಂಪಿನ ಒಳಗಿರಬೇಕು. ನಿದ್ದೆ ಬಾರದ ಪೆಟ್ಟಿಗೆ ಅರ್ಧ ಆಂಪ್ ಎಳೆಯುತ್ತ ಕೂತರೆ 35 ಆಂಪ್ ಅವರ್ ಬ್ಯಾಟರಿ ಮೂರೇ ದಿನಕ್ಕೆ ಬರಿದು. ಇದನ್ನು ಅಳೆಯುವಾಗ ಬಾಗಿಲು ತೆರೆದಿದ್ದರೆ ಅದು ಯಾರೋ ಬಂದರೆಂದು ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಮುಚ್ಚಿದೆ ಎಂದು ನಂಬಿಸಬೇಕು. ಹೀಗೆ ಸುಳ್ಳು ಹೇಳಲು ಸಂಕೋಚಪಡಬೇಕಾಗಿಲ್ಲ, ಟಿಕ್ ಟಿಕ್ ವಿಷಯದಲ್ಲಿ ಕಾರು ಹೇಳುವುದೂ ಸುಳ್ಳೇ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಪೆಟ್ಟಿಗೆಯದೇ ಎಂದಾದರೆ ಬದಲಾಯಿಸಲೇಬೇಕು. ಹಳೆಯದಕ್ಕೆ ಇನ್ನೂ ಜೀವವಿದ್ದರೆ ಅದರೊಳಗಿನ ಲೆಕ್ಕಪತ್ರವನ್ನು ಸ್ಕ್ಯಾನರಿಗೆ ನಕಲು ಮಾಡಿಕೊಳ್ಳುವುದು ಮೊದಲ ಕೆಲಸ. ನಂತರ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿ, ಕೆಲವು ನಿಮಿಷ ಸುಮ್ಮನಿರಬೇಕು. ಏರ್‌ಬ್ಯಾಗಿನ ನೆರೆಯಲ್ಲಿ ಕೈಯಾಡಿಸುವಾಗ ಅವಸರ ಸಲ್ಲದು. ಆಮೇಲೆ ಕೆಲಸಗಾರನ ತಲೆ ಬ್ರೇಕ್ ಪೆಡಲ್ ಪಕ್ಕಕ್ಕೆ, ಬೆನ್ನು ಬಾಗಿಲಿನ ಅಂಚಿಗೆ, ಕಾಲು ಹೊರಗೆ. ಶಿವನಿಯಂಥ ಊರಲ್ಲಿ ಹೊರಗೆ ಕಾಲು ಕಂಡ ತಕ್ಷಣ ಏಳೆಂಟು ಜನ ಸೇರುತ್ತಾರೆ. ಒಬ್ಬರು ಮೊಬೈಲ್ ಟಾರ್ಚ್ ಹಿಡಿಯುತ್ತಾರೆ, ಯಾರಾದರೂ ಮಾತಾಡಿಸಿದರೆ ಬೆಳಕು ಮಾತಾಡಿದವರ ಮುಖಕ್ಕೆ ಹೋಗುತ್ತದೆ. ಇನ್ನೊಬ್ಬರು ಬೀರೂರಿನಲ್ಲಿ ಇದೇ ಕೆಲಸ ಅರ್ಧ ಬೆಲೆಗೆ ಆಗುತ್ತಿತ್ತೆಂದು ತಿಳಿಸುತ್ತಾರೆ. ಈ ನಡುವೆ ಕಪ್ಲರುಗಳ ಲಾಕನ್ನು ಒತ್ತಿ, ತಂತಿ ಹಿಡಿದು ಎಳೆಯದೆ ಕಪ್ಲರನ್ನೇ ಹಿಡಿದು ಬಿಡಿಸಬೇಕು. ಪಿನ್ನುಗಳಲ್ಲಿ ಕಿಲುಬು ಕಂಡರೆ ಅಲ್ಲೇ ನಿಲ್ಲಿಸಿ ಮತ್ತೊಮ್ಮೆ ಯೋಚಿಸುವುದು ಜಾಣತನ. ಹಳೆಯದು ಸತ್ತ ಕಾರಣವನ್ನು ಸರಿಪಡಿಸದೆ ಹೊಸದನ್ನು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಪೆಟ್ಟಿಗೆ ಕೂರಿಸುವುದು ಅರ್ಧ ಗಂಟೆಯ ಕೆಲಸವಾದರೂ ಕಾರು ಅದನ್ನು ಒಪ್ಪುವುದು ಬೇರೆಯೇ ಸಂಗತಿ. ಹೊಸ ಶಾನುಭೋಗರಿಗೆ ಊರೇ ಗೊತ್ತಿಲ್ಲ. ಈ ಕಾರಿಗೆ ಕಿಟಕಿ ಮೋಟಾರು ಎರಡೋ ನಾಲ್ಕೋ, ಹಿಂದಿನ ವೈಪರು ಉಂಟೋ ಇಲ್ಲವೋ, ಮಂಜಿನ ದೀಪ ಇದೆಯೋ ಎಂಬುದನ್ನೆಲ್ಲ ಸ್ಕ್ಯಾನರಿನಿಂದ ಹೇಳಿಕೊಡಬೇಕು. 17 ಅಕ್ಷರ, ಅಂಕಿಗಳ ಚಾಸಿ ನಂಬರನ್ನು ಬರೆಯಬೇಕು. ಹಲವು ಕಾರುಗಳಲ್ಲಿ ಕಳ್ಳತನ ತಡೆಯುವ ಇಮೊಬಿಲೈಜರಿನ ಉಸ್ತುವಾರಿಯೂ ಇದರದೇ. ಅಂಥ ಕಡೆ ಮನೆಯಲ್ಲಿರುವ ಎಲ್ಲ ಕೀಗಳನ್ನೂ ತಂದು ಪರಿಚಯಿಸದಿದ್ದರೆ ತಂದ ಕೀ ಮಾತ್ರ ನಡೆಯುತ್ತದೆ, ಬೀರುವಿನಲ್ಲಿ ಉಳಿದದ್ದು ಕಳ್ಳನ ಕೀ ಎನಿಸಿಕೊಳ್ಳುತ್ತದೆ. ಬರೆಯುವ ಹೊತ್ತಿನಲ್ಲಿ ಬ್ಯಾಟರಿ ಕುಸಿದರೆ ಹೊಸ ಪೆಟ್ಟಿಗೆ ಅರೆಬರೆ ಓದಿನಲ್ಲೇ ಕೆಡಬಹುದು. ಅದಕ್ಕೇ ಚಾರ್ಜರ್ ಜೋಡಿಸಿರಬೇಕು. ಶಿವನಿಯಲ್ಲಿ ಈ ಕೆಲಸಕ್ಕೆ ಕೂರುವ ಮುನ್ನ ಊರಿಗೆ ತ್ರೀ ಫೇಸ್ ಯಾವಾಗ, ಸಿಂಗಲ್ ಫೇಸ್ ಯಾವಾಗ ಎಂದು ಲೈನ್‌ಮ್ಯಾನ್‌ ಅವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಗುಜರಿಯಿಂದ ತಂದ ಹಳೆಯ ಬಿ.ಸಿ.ಎಂ. ಅಗ್ಗ ನಿಜ. ಆದರೆ ಅದರೊಳಗೆ ಬೇರೆ ಕಾರಿನ ಚಾಸಿ ನಂಬರು, ಬೇರೆ ಕೀಗಳ ನೆನಪು ಇರುತ್ತದೆ. ಅಳಿಸಿ ಬರೆಯಲು ಎಲ್ಲ ಮಾದರಿಗಳೂ ಬಿಡುವುದಿಲ್ಲ. ಕಾರು ಸ್ಟಾರ್ಟ್ ಆಗದೆ, ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಅಜ್ಜಂಪುರದ ರಸ್ತೆಯಲ್ಲಿ ಮೆರವಣಿಗೆ ಹೋಗಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ದೀಪ, ಹಾರನ್ನು, ಗಾಜು, ಲಾಕು, ವೈಪರುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸ್ಕ್ಯಾನರಿನಲ್ಲಿ ಹಳೆಯ ದೂರುಗಳನ್ನು ಅಳಿಸಿ, ಒಂದೆರಡು ದಿನ ಓಡಿಸಿ ಮತ್ತೆ ನೋಡಬೇಕು. ಅಲ್ಲಿಯವರೆಗೆ ಹಳೆಯ ಪೆಟ್ಟಿಗೆಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ; ಕೇಳಿ ಇಸಿದುಕೊಳ್ಳಿ. ಹೊಸದನ್ನು ಹಾಕಿದ ಮೇಲೂ ವೈಪರ್ ತಾನಾಗಿ ಆಡಿದರೆ, ಹಣ ಕೊಟ್ಟು ತಂದದ್ದು ಬೇಕಿರದ ಪೆಟ್ಟಿಗೆ, ಬೇಕಿದ್ದದ್ದು ಅರ್ತ್ ಬೋಲ್ಟಿಗೆ ಉಪ್ಪುಕಾಗದದ ಎರಡು ಉಜ್ಜು.