ತೊಡೆಗೊಂದು ಬಿಪಿ ಪಟ್ಟಿ

ಮಂಡಿಯ ಲಿಗಮೆಂಟ್ ಆಪರೇಷನ್ ಆದಮೇಲೆ ನನ್ನ ಬಲತೊಡೆ ಸೊರಗಿ, ಪಂಚೆಯೊಳಗೆ ಇದೆಯೋ ಇಲ್ಲವೋ ಅನ್ನುವಂತಾಗಿತ್ತು. ಲಿಗಮೆಂಟ್ ಹರಿದದ್ದು ಶಟಲ್ ಆಡುವಾಗ ಅಂತ ನಾನು ಊರಿಗೆಲ್ಲ ಹೇಳಿದ್ದೆ. ಅಟ್ಟದಿಂದ ಇಡ್ಲಿ ಪಾತ್ರೆ ಇಳಿಸುವಾಗ ಸ್ಟೂಲಿನಿಂದ ಬಿದ್ದದ್ದು ಅಂತ ನನ್ನಾಕೆ ಅದೇ ಊರಿಗೆ ತಿದ್ದುಪಡಿ ಹೊರಡಿಸಿದ್ದಳು.

ಮನೆಗೆ ಬಂದ ಫಿಸಿಯೋ ಹುಡುಗಿ ತೊಡೆಯ ಬುಡಕ್ಕೆ ಅಗಲವಾದ ಪಟ್ಟಿ ಸುತ್ತಿ ಗಾಳಿ ತುಂಬಿದಳು.

"ಬಿಪಿ ತೊಡೇಲೂ ನೋಡ್ತಾರೇನಮ್ಮಾ?" ಅತ್ತೆಯ ವಿಚಾರಣೆ.

ರಕ್ತ ಪೂರ್ತಿ ನಿಲ್ಲುವ ಒತ್ತಡ ಎಷ್ಟೆಂದು ಮೊದಲು ಅಳೆದು, ಅದರ ಶೇ. 40ರಿಂದ 80ರೊಳಗೆ ಬಿಗಿಯುವುದಂತೆ. ಒಳಬರುವ ರಕ್ತ ಕಮ್ಮಿಯಾಗುತ್ತದೆ, ವಾಪಸ್ ಹೋಗಬೇಕಾದದ್ದು ಅಲ್ಲೇ ತಂಗುತ್ತದೆ. ಎತ್ತುವ ಭಾರವೋ, ನಮ್ಮ ಗರಿಷ್ಠ ಶಕ್ತಿಯ ಶೇ. 20–30 ಅಷ್ಟೇ. ನನ್ನ ಪಾಲಿಗೆ ಬಂದದ್ದು ಒಂದು ಕಿಲೋ ಮರಳಿನ ಚೀಲ. "ಇಷ್ಟೇನಾ?" ಅಂದೆ. ಮೊದಲು 30 ಸಲ, ಅರ್ಧ ನಿಮಿಷ ವಿರಾಮ, ಆಮೇಲೆ 15ರಂತೆ ಮೂರು ಸುತ್ತು. ಮೊದಲ ಸುತ್ತು ಮುಗಿಯುವ ಮುಂಚೆಯೇ ತೊಡೆ ಧಗಧಗ. ನಮ್ಮ ಮನೆದೇವರು ಸಾಲದೆಂದು ನನ್ನಾಕೆಯ ತವರಿನ ದೇವರನ್ನೂ ಕೂಗಿದೆ.

ಆಮ್ಲಜನಕ ಸಾಲದಾದಾಗ ಕೂಡಿಟ್ಟ ಶಕ್ತಿ ಬೇಗ ಬರಿದಾಗಿ, ಲ್ಯಾಕ್ಟೇಟ್ ತುಂಬಿಕೊಳ್ಳುತ್ತದೆ. ನಿಧಾನದ ಸ್ನಾಯು ಎಳೆಗಳು ಸೋಲುತ್ತವೆ. ಹಗುರ ಭಾರಕ್ಕೆ ಕದಲದ ದಪ್ಪ ಎಳೆಗಳು ಆಗ ಕೆಲಸಕ್ಕೆ ಇಳಿಯಲೇಬೇಕು. ಮದುವೆಮನೆಯಲ್ಲಿ ಬಡಿಸುವವರು ಸುಸ್ತಾದಮೇಲೆ, ಮೂಲೆಯಲ್ಲಿ ಇಸ್ಪೀಟಾಡುತ್ತಿದ್ದ ದಾಂಡಿಗರು ಸೌಟು ಹಿಡಿದ ಹಾಗೆ. "ಅಂಥೋರೊಬ್ಬರು ನಮ್ಮನೇಲೂ ಇದಾರಮ್ಮಾ," ಅಂದಳು ನನ್ನಾಕೆ.

ಹೀಗೆ ರಕ್ತ ತಡೆದು ಮಾಡಿಸುವ ಈ ವ್ಯಾಯಾಮದ ಮೂಲಪುರುಷ ಜಪಾನಿನ ಯೋಶಿಯಾಕಿ ಸಾಟೊ. 1966ರಲ್ಲಿ ಬೌದ್ಧರ ಪೂಜೆಯೊಂದರಲ್ಲಿ ಮಂಡಿ ಮಡಚಿ ಕೂತು ಕಾಲು ಜೋಮು ಹಿಡಿದಾಗ ಅವರಿಗೆ ಇದು ಹೊಳೆಯಿತಂತೆ. 1973ರಲ್ಲಿ ಹಿಮದಲ್ಲಿ ಜಾರಾಡುವಾಗ ಕಾಲು ಮುರಿದುಕೊಂಡು ತಮ್ಮ ಮೇಲೇ ಪ್ರಯೋಗಿಸಿ, 'ಕಾಟ್ಸು' ಪದ್ಧತಿ ಬೆಳೆಸಿದರು. ಸತ್ಯನಾರಾಯಣ ಪೂಜೆಯಲ್ಲಿ ನನಗೂ ಪ್ರತಿಸಲ ಜೋಮು ಹಿಡಿದಿದೆ. ಹೊಳೆದದ್ದು ಸಪಾದಭಕ್ಷ್ಯ ಮಾತ್ರ.

"ದಿನಾ ಯಾಕಮ್ಮ ಬರ್ತೀಯ? ಹಳೇ ಪಂಚೆ ಹರಿದು ನಾನೇ ಬಿಗೀತೀನಿ ಅಳಿಯಂದ್ರಿಗೆ," ಅಂದರು ಅತ್ತೆ, ತುಸು ಹೆಚ್ಚೇ ಉತ್ಸಾಹದಿಂದ. ಹುಡುಗಿ ಹೌಹಾರಿದಳು. ಒತ್ತಡ ಅಳೆಯದೆ ಕಟ್ಟುವ ಹಾಗಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರ ಹತ್ತಿರವಂತೂ ಇದು ಸುಳಿಯಲೇಬಾರದು. ಆಕೆ ಬಿಡಿಸಿ ಹೇಳುವಷ್ಟರಲ್ಲಿ ಅತ್ತೆ ಪಂಚೆ ಹುಡುಕಲು ಹೊರಟಿದ್ದರು.

ಮೊನ್ನೆ ನನ್ನಾಕೆ ಹೊಲಿಗೆಯ ಟೇಪು ತಂದು ತೊಡೆ ಅಳೆದಳು. ಒಂದಿಷ್ಟು ತುಂಬಿಕೊಂಡಿದೆ. ನಾನು ಬೀಗಿದೆ. ಅವಳು ಟೇಪನ್ನು ಹಾಗೇ ಮೇಲಕ್ಕೆ ತಂದು ಹೊಟ್ಟೆಗೆ ಸುತ್ತಿದಳು.

"ಪಟ್ಟಿ ಕಟ್ಟದೇನೇ ಇದು ಹೆಂಗ್ರೀ ಬೆಳೀತು?"